ತೊಳೆದಿಟ್ಟ ಹಾರಿಯ ನ್ಯಾಯ

ಕೊಲೆಗಾರನನ್ನು ಕೊನೆಯ ಪುಟದವರೆಗೂ ಅಡಗಿಸಿಡುವುದರಲ್ಲಿ ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಕಾರರ ನಡುವೆ ಹೆಸರಾದ ಶ್ರೀಮತಿ ಎನಿಡ್ ಥಾರ್ಲಿಯವರು ಎಂಬತ್ತು ತುಂಬಿ ಲೇಖನಿ ಕೆಳಗಿಟ್ಟಿದ್ದಾರೆ. ಅವರನ್ನು ದಿನವೂ ನೆನೆಯುವವರು ಶಹಾಬಾದಿನ ಶಿವಕಾಂತಮ್ಮನವರು. ಇಂಗ್ಲಿಷಿನ ಒಂದಕ್ಷರವೂ ಅವರಿಗೆ ಬಾರದು.

ವಾಡಿಯ ರೈಲ್ವೆ ವಸತಿಯಲ್ಲಿ ಗಾರ್ಡಿನ ಮಗಳಾಗಿ ಹುಟ್ಟಿ, ಓಣಿಯ ಮಕ್ಕಳೊಡನೆ ಕನ್ನಡ ಕಲಿತ ಎನಿಡ್ ಅವರು ಚಿಕ್ಕಂದಿನಲ್ಲೇ ಲಂಡನ್ನಿಗೆ ಹೋದರು. ಅಲ್ಲಿ ಟೈಪಿಸ್ಟ್ ಆಗಿದ್ದುಕೊಂಡೇ ಕಾದಂಬರಿಯ ಮೇಲೆ ಕಾದಂಬರಿ ಬರೆದರು. ಕೊನೆಯದನ್ನು ಹುಟ್ಟಿದ ಸೀಮೆಯಲ್ಲೇ ಬರೆಯಬೇಕೆಂದು ಬಂದು, ಶಿವಕಾಂತಮ್ಮನವರ ಮುಂದಿನ ಕೋಣೆಯಲ್ಲಿ ಉಳಿದರು.

ಎನಿಡ್ ಅವರಿಗೆ ನೆರೆಯ ಭಾಗಣ್ಣ ಮೊದಲು ಹೇಳಿದ್ದೇ ಶಿವಕಾಂತಮ್ಮನವರ ಗಂಡ ಭೀಮಶ್ಯಾ ಅವರ ಕತೆ. ಹಿಂದೊಮ್ಮೆ ಕಲ್ಲಿನ ಗಣಿಯಲ್ಲಿ ಮೇಸ್ತ್ರಿಯೊಬ್ಬರು ನೆಲಕ್ಕೆ ಹಾಸುವ ಫರಸಿ ಕಲ್ಲಿನಡಿ ಸಿಕ್ಕು ತೀರಿಕೊಂಡರು. ಜನ ಓಡಿ ಬಂದಾಗ ಭೀಮಶ್ಯಾ ಕಲ್ಲೆಬ್ಬಿಸುವ ಕಬ್ಬಿಣದ ಹಾರಿ ತೊಳೆಯುತ್ತಿದ್ದರು. ಕೊಂದು ರಕ್ತ ತೊಳೆದನೆಂಬ ಮಾತು ಹುಟ್ಟಿತು. ಪೊಲೀಸರು ಬಿಟ್ಟರು, ಊರು ಬಿಡಲಿಲ್ಲ. ಭೀಮಶ್ಯಾ ತೀರಿಹೋದ ಮೇಲೂ ಮಾತು ಉಳಿಯಿತು.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದ ಶಿವಕಾಂತಮ್ಮನವರು ತಡೆಯಲಾರದೆ ಕೇಳಿದರು:

"ಅಕ್ಕೋರ, ನಿಮ್ಮ ಪುಸ್ತಕದಾಗ ನಮ್ಮವರನ್ನ ಕೊಲೆಗಾರ ಮಾಡಾಕತ್ತೀರೇನ್ರಿ? ಮಂದಿ ಆಡಿದ್ದು ಗಾಳಿಗಿ ಹೋಗ್ತದ. ಅಚ್ಚಾದದ್ದು ಎಲ್ಲಿಗಿ ಹೋಗ್ತದ್ರಿ?"

"ಇಲ್ಲಿತನಕ ಹಂಗೇ ಬರ್ದೀನಿ, ಶಿವಕಾಂತವ್ವ. ಹಾರಿ ಯಾಕ ತೊಳದ್ರು?"

"ದಿನಾ ತೊಳೀತಿದ್ರಲ್ರಿ! ತೊಳೀಲಾರದ ಹಾರಿ ಮನಿಗಿ ತರಂಗಿಲ್ಲ ನಮ್ಮಾಗ. ಅವತ್ತು ಅದ್ರಿಂದಲೇ ಕಲ್ಲೆತ್ತಿ ಮೇಸ್ತ್ರಿ ಅವ್ರನ್ನ ಹೊರಗ ಎಳದ್ರು. ಉಸುರಿಲ್ಲಂತ ಗೊತ್ತಾದಾಗ ದಿಕ್ಕು ತಪ್ಪಿ, ಕೈ ತನ್ನ ರೂಢಿ ತಾ ಮಾಡ್ತು."

"ಇದನ್ನ ಯಾರಿಗೂ ಹೇಳ್ಲಿಲ್ಲೇನು?"

"ಯಾರರ ಕೇಳಿದ್ರಲ್ಲೇನ್ರಿ ಹೇಳಾದು?"

ಮರುದಿನ ಗಣಿಯ ಕೆಲಸ ಬಿಡುವ ಹೊತ್ತಿಗೆ ಎನಿಡ್ ಅವರು ಅದರ ದಂಡೆಗೆ ಹೋಗಿ ನಿಂತರು. ಯಾರೂ ಹೇಳದೆಯೇ ಕೆಲಸಗಾರರು ಒಬ್ಬೊಬ್ಬರಾಗಿ ಬಂದು ನೀರಿನಲ್ಲಿ ಹಾರಿ ತೊಳೆದು ಹೆಗಲಿಗೇರಿಸಿಕೊಂಡದ್ದನ್ನು ಕಂಡರು. ಮನೆಗೆ ಬಂದವರೇ ಬರೆದದ್ದನ್ನೆಲ್ಲ ಬದಿಗಿಟ್ಟು ಮೊದಲಿನಿಂದ ತೊಡಗಿದರು. ಕೊಲೆಗಾರನಿಲ್ಲದ ಪತ್ತೇದಾರಿ ಯಾರಿಗೆ ಬೇಕೆಂದು ಪ್ರಕಾಶಕರು ಮುನಿದರೂ ಮಣಿಯಲಿಲ್ಲ.

ಲಂಡನ್ನಿಗೆ ಮರಳಿದ ಎನಿಡ್ ಅವರಿಂದ ಅಚ್ಚಾದ ಪುಸ್ತಕ ಬಂದಾಗ ಶಿವಕಾಂತಮ್ಮನವರ ಮೊಮ್ಮಗಳು ಲುಂಬಿನಿ ಮನೆಯ ಕಟ್ಟೆಯ ಮೇಲೆ ಕುಳಿತು ಕನ್ನಡದಲ್ಲಿ ಹೇಳುತ್ತ ಓದಿದಳು. ಓಣಿಯೆಲ್ಲ ನೆರೆಯಿತು. ಭಾಗಣ್ಣನಿಗೆ ತಡೆಯದು.

"ಲಗೂ ಹೇಳವ್ವಾ, ಕೊಂದವ ಯಾರು?"

"ಯಾರೂ ಅಲ್ಲ, ಕಾಕಾ. ಕಲ್ಲು ಜಾರಿತ್ತು. ಹಾರಿ ತೊಳದವ ಉಳಸಾಕ ಹೋದವ."

ಮೇಸ್ತ್ರಿ ಸತ್ತಂದಿನಿಂದ ಆ ಮನೆಯಲ್ಲಿ ನೀರು ಸಹ ಮುಟ್ಟದಿದ್ದ ಭಾಗಣ್ಣ ತಲೆಯೆತ್ತದೆಯೇ ಶಿವಕಾಂತಮ್ಮನವರಿಗೆ ಅಂದ:

"ವೈನಿ, ಒಂದು ಕಪ್ ಚಾ ಹಾಕ್ರಿ."

ಎನಿಡ್ ಅವರು ಆರೋಗ್ಯದಿಂದ ನೂರು ಕಾಣಲಿ, ಕೆಳಗಿಟ್ಟ ಲೇಖನಿ ಮತ್ತೆ ಕೈಗೆ ಬರಲಿ. ಶಿವಕಾಂತಮ್ಮನವರು ಮುಂದಿನ ಕೋಣೆಯನ್ನು ಇನ್ನೊಬ್ಬರಿಗೆ ಕೊಟ್ಟಿಲ್ಲ.