ಜಡಿಗೆ ಹಚ್ಚಿ ಉಳಿದ ಲೋಳಿ

ನನ್ನ ಜಡಿಗೆ ಹಚ್ಚಿ ಉಳಿದ ಲೋಳೀನ ಅತ್ತಿ ಸೆರಗಿನೊಳಗ ಕೈಹಾಕಿ ತನ್ನ ಬೋಳ ತಲಿಗೆ ಸವರಿಕೊಂಡಳು! ಜಮಖಂಡಿಯೊಳಗ ನನ್ನಂಥಾ ಜಡಿ ಯಾರಿಗೂ ಇಲ್ಲ. ಬಸ್ಸಿನ್ಯಾಗ ಕೂತ್ರ ಅದಕ್ಕೂ ಒಂದು ಟಿಕೀಟ ತಗೀಬೇಕು. ದಾಸವಾಳದೆಲಿ, ಮೆಂತೆ ಅರೆದು ಲೋಳಿ ಮಾಡಿ ಹಚ್ಚಿ ಅದನ್ನ ರೇಷ್ಮಿ ಮಾಡಿದಾಕಿ ಈ ಅತ್ತಿನ, ನಮ್ಮಪ್ಪನ ಅಕ್ಕ. ಗಂಡ ಸತ್ತಾಗಿಂದ ಆಕಿ ತಲಿ ಬೋಳಿಸ್ತಾರ.

"ಅತ್ತೀ, ಕಲ್ಲಿಗೆ ನೀರ ಹಾಕಿದ್ರ ಹುಲ್ಲ ಬರ್ತದೇನ?" ಅಂತ ನಕ್ಕೆ.

"ಬರ್ತದವಾ. ಬಂದದ್ದನ್ನ ಇರಗೊಡಬೇಕಲ್ಲ," ಅಂದಳು.

ನಾ ಲೋಳಿ ಬಟ್ಟಲಾ ಆಕಿ ಕಡೆ ಸರಿಸಿದೆ.

ಮರುದಿನ ಅತ್ತಿ ತಲಿ ಬೋಳಿಸಲಿಕ್ಕೆ ಕ್ಷೌರದ ಮಲ್ಲಪ್ಪ ಹಿತ್ತಲಕ್ಕ ಬಂದ. "ಅತ್ತಿ ಮುಧೋಳಕ್ಕ ಹೋಗ್ಯಾಳ. ಅಲ್ಲಿ ನಾಯಿ ಕಡೀತು. ಈಗ ನಾಯಿಗೇ ಜಡ್ಡಂತ, ಅತ್ತಿ ಅದರ ಸೇವಾ ಮಾಡ್ಲಿಕತ್ತಾಳ," ಅಂತ ಒಂದು ಸುಳ್ಳ ಬಿಟ್ಟೆ. ಅಷ್ಟರಾಗ ಒಳಗಿಂದ ಅತ್ತಿ ಕೆಮ್ಮಿದಳು. ಮಲ್ಲಪ್ಪ ಬಾಗಲಾ ನೋಡಿದ, ನನ್ನ ನೋಡಿದ.

"ಹಂಗಾರ ಅವ್ವಾರು ಬರೋದು ಭಾಳ ತಡಾ ಆಗತೈತಿ ಬಿಡ್ರೀ ತಂಗೆವ್ವಾ," ಅಂದು ಪೆಟಗಿ ಮುಚ್ಚಿದ. ಮತ್ತ ಬಂದಿಲ್ಲ.

ಈಗ ಅತ್ತಿ ತಲಿ ಮ್ಯಾಲೆ ಬೆರಳುದ್ದ ಕೂದಲಾ ಅವ. ಅಪ್ಪ ನೋಡಿದ್ರೂ ಮಲ್ಲಪ್ಪಗ ಹೇಳಿ ಕಳಿಸಿಲ್ಲ. ನಾ ಲೋಳಿ ಹಚ್ಚೋವಾಗ ಕೂಸಿನ ತಲಿ ಮುಟ್ಟಿದಂಗ ಆಗ್ತದ. ಟಿಕೀಟ, ನಾಯಿ ಬಿಡ್ರಿ, ಇದೊಂದರಾಗ ನಾ ಏನೂ ಸೇರಿಸಿಲ್ಲ.