ಬೆಟ್ಟಕ್ಕೆ ಹೆಣೆದ ಸ್ವೆಟರು

ಈಗ ಭೂಪಟ ಬೇಕೆಂದರೆ ಜೇಬಿನಿಂದ ಫೋನು ತೆಗೆದರಾಯಿತು. ಆಗ ಹಾಗಲ್ಲ ಸ್ವಾಮಿ! ಒಂದೊಂದು ಬೆಟ್ಟವನ್ನೂ ಯಾರೋ ಬೆನ್ನು ಬಗ್ಗಿಸಿ ಕೂತು, ಇಂಕಿನಲ್ಲಿ ಗೆರೆಗೆರೆಯಾಗಿ ಬರೆಯಬೇಕಿತ್ತು. ಹಾಗೆ ಬರೆದವರಲ್ಲಿ, ಸದಾ ಸ್ವೆಟರು ಹೆಣೆಯುತ್ತಿದ್ದ ನಮ್ಮ ಉಲ್ಲನ್ ಅಕ್ಕನೂ ಒಬ್ಬಳು. ಈಗ ಸೂಜಿಗೆ ದಾರ ಪೋಣಿಸಲಾರಳು. ಆದರೆ ಆ ನಕ್ಷೆ ಕಚೇರಿಯ ಮಾತು ಬಂತೋ, ಮುಖ ಊರಗಲವಾಗುತ್ತದೆ.

ಕಚೇರಿಗೆ ಸೇರಿದಾಗ ಅವಳಿಗೆ ಇಪ್ಪತ್ತು. ಆರು ತಿಂಗಳ ಅಭ್ಯಾಸ, ಕೊನೆಗೊಂದು ಪರೀಕ್ಷೆ. ಪಾಸಾದರೆ ಕಿಟಕಿ ಪಕ್ಕದ ಮೇಜು ಅವಳದು. ಫೇಲಾದರೆ ಮತ್ತೆ ಚಿಕ್ಕಪ್ಪನ ಮನೆಯ ಅಡುಗೆಮನೆ. ಅಪ್ಪ ಅಮ್ಮ ಇಲ್ಲದ ಹುಡುಗಿಯನ್ನು ಚಿಕ್ಕಮ್ಮ ಸಾಕಿದ್ದು ನಿಜ. ಅದನ್ನು ದಿನಕ್ಕೆ ಮೂರು ಹೊತ್ತು ನೆನಪಿಸುತ್ತಿದ್ದದ್ದೂ ನಿಜ.

ಅಭ್ಯಾಸವೆಂದರೆ ಬೆಟ್ಟದ ಇಳಿಜಾರು ತೋರಿಸುವ ಅಕ್ಕಿಕಾಳಿನಷ್ಟು ಪುಟ್ಟ ಗೆರೆಗಳು. ದಿನಕ್ಕೆ ನಾಲ್ಕು ಹಾಳೆ ತುಂಬಬೇಕು. ಮುಖ್ಯ ನಕ್ಷೆಗಾರರು ಭೂತಗನ್ನಡಿ ಹಿಡಿದು ನೋಡಿ, ಮಾತಿಲ್ಲದೆ ಹಾಳೆ ಹರಿಯುತ್ತಿದ್ದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಸ್ಕೇಲು ಸಾಹೇಬರು ಅನ್ನುತ್ತಿದ್ದರು. ಅವರ ಹೆಜ್ಜೆ ಸದ್ದಿಗೇ ಅಕ್ಕನ ಕೈ ಮರಗಟ್ಟುತ್ತಿತ್ತು. ಮನೆಗೆ ಬಂದು ಹೆಣಿಗೆ ಕಡ್ಡಿ ಹಿಡಿದರೆ ಅದೇ ಕೈ ಕುಣಿಯುತ್ತಿತ್ತು!

‘ಅಯ್ಯೋ ಪೆದ್ದೀ, ಹೆಣಿಗೆಯನ್ನೇ ಬರೆದರೆ ಆಗಲ್ವಾ?’ ಎಂದು ಒಂದು ದಿನ ಅವಳಿಗೆ ಹೊಳೆಯಿತು. ಸರಿ, ಪೆನ್ನನ್ನೇ ಕಡ್ಡಿ ಅಂದುಕೊಂಡು ಕರಡು ಹಾಳೆಯಲ್ಲಿ ಪಕ್ಕದ ಮನೆ ಕೂಸಿಗೆ ಟೋಪಿ ಹೆಣೆದಳು. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ನಡುವೆ ಜಡೆಯ ಹಾಗೆ ತಿರುಚಿದ ಹೆಣಿಗೆ. ಆ ಓಟದಲ್ಲೇ, ಗೆರೆ ಎಂಬ ನೆನಪೇ ಇಲ್ಲದೆ, ಅಭ್ಯಾಸದ ಹಾಳೆಗಳೂ ತುಂಬಿದವು. ಸಾಹೇಬರು ಹರಿಯುವುದೂ ಕಡಿಮೆಯಾಯಿತು.

ಪರೀಕ್ಷೆಯ ದಿನ ಬಂತು. ಒಂದು ಬೆಟ್ಟ, ಮೂರು ಗಂಟೆ. ಅಕ್ಕ ತಲೆ ಎತ್ತದೆ ಬರೆದಳು. ಗಂಟೆ ಹೊಡೆದ ಮೇಲೆ ನೋಡಿಕೊಂಡರೆ ಏನಿದೆ? ಬೆಟ್ಟದ ಒಂದು ಮಗ್ಗುಲಲ್ಲಿ ಬುಡದಿಂದ ನೆತ್ತಿಯವರೆಗೆ ಅಚ್ಚುಕಟ್ಟಾದ ಜಡೆ ಹೆಣಿಗೆ!

ಸಾಹೇಬರು ಅವಳನ್ನು ತಮ್ಮ ಕೋಣೆಗೆ ಕರೆದರು.

“ಏನಮ್ಮಾ ಇದು, ಬೆಟ್ಟಾನೋ ಸ್ವೆಟರೋ?”

ಅವಳು ಅಳುತ್ತಲೇ ಎಲ್ಲ ಒಪ್ಪಿಕೊಂಡಳು. ಅವರು ಬೈಯಲಿಲ್ಲ. ಭೂತಗನ್ನಡಿ ಹಿಡಿದು ಗೆರೆಗಳನ್ನು ಮತ್ತೊಮ್ಮೆ ನೋಡಿದರು. ಆಮೇಲೆ ಬಾಗಿಲು ಹಾಕಿ ಬಂದು ಬಲಗೈ ಮುಂದೆ ಚಾಚಿದರು. ಕೈ ಗಡಗಡ ನಡುಗುತ್ತಿತ್ತು.

“ಎರಡು ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ರಿಟೈರಾಗೋ ಮುಂಚೆ ಒಂದೇ ಒಂದು ನಕ್ಷೆ ನಾನೇ ಬರೀಬೇಕು ಅಂತಾಸೆ. ಪೆನ್ನು ಹಿಡಿದ್ರೆ ಭಯ ಆಗುತ್ತೆ. ನಿನಗೆ ಭಯ ಹೋಯ್ತಲ್ಲ, ನನಗೂ ಸ್ವಲ್ಪ ಹೇಳಿಕೊಡು.”

ಅಕ್ಕನಿಗೆ ತನ್ನ ಅಳುವೇ ಮರೆತುಹೋಯಿತು. “ಸರ್, ನಿಮಗೆ ಏನಿಷ್ಟ?”

ಪಾಪ, ಆ ಪ್ರಶ್ನೆ ಅವರನ್ನು ಯಾರು ಕೇಳಿದ್ದರೋ ಏನೋ. ಸಾಹೇಬರು ಸಣ್ಣ ದನಿಯಲ್ಲಿ, “ಈಜು... ಮದುವೆಗೆ ಮುಂಚೆ ದಿನಾ ಹೊಳೆಗೆ ಬೀಳ್ತಿದ್ದೆ” ಎಂದರು.

“ಹಾಗಾದ್ರೆ ಹೊಳೆನೇ ಬರೀರಿ ಸರ್. ಕೈ ಬೀಸಿ ಈಜ್ತಾ ಇದ್ದೀನಿ ಅಂದ್ಕೊಂಡು ಬರೀರಿ. ನಡುಗಿದ್ರೆ ನಡುಗ್ಲಿ, ನೀರು ತಾನೆ!”

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ನಕ್ಕದ್ದನ್ನು ಅವಳು ನೋಡಿದ್ದು ಅದೇ ಮೊದಲು. ಜಡೆಯನ್ನು ಬ್ಲೇಡಿನಿಂದ ಕೆರೆದು ಮತ್ತೆ ಬರೆಯಲು ಒಂದು ದಿನ ಕೊಟ್ಟರು. ಮರುದಿನ ಪಾಸು ಎಂದು ಸಹಿ ಹಾಕಿದರು. ಮೇಜು ಸಿಕ್ಕ ಖುಷಿಗೆ ಅಕ್ಕ ಆ ದಿನವೆಲ್ಲ ಕಿಟಕಿ ಒರೆಸಿದಳಂತೆ.

ಆಮೇಲಿನ ಎಂಟು ತಿಂಗಳು ಊಟದ ಬಿಡುವಿನಲ್ಲಿ ಇಬ್ಬರೂ ಎದುರುಬದುರು ಕೂತರು. ಇವಳು ಹೆಣೆದಳು, ಅವರು ಈಜಿದರು. ಎಷ್ಟು ಹಾಳೆ ಕಸದ ಬುಟ್ಟಿಗೆ ಹೋದವೋ, ಲೆಕ್ಕ ಇಟ್ಟವರು ಯಾರು! ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ ಎನ್ನುತ್ತಾಳೆ ಅಕ್ಕ.

ನಿವೃತ್ತಿಯ ದಿನ ಸಾಹೇಬರು ಅವಳ ಮೇಜಿನ ಮೇಲೆ ಒಂದು ನಕ್ಷೆ ಹರಡಿದರು. ಉದ್ದಕ್ಕೂ ಹೊಳೆ, ಅಲ್ಲಲ್ಲಿ ಕಂಪಿಸುವ ದಡ. ಕೈಕಟ್ಟಿ ನಿಂತು, ಅವಳ ಮುಖವನ್ನೇ ನೋಡುತ್ತ ಕೇಳಿದರು:

“ಹೇಳಮ್ಮಾ, ಪಾಸೋ ಫೇಲೋ?”

ಅಕ್ಕ ಪಾಸು ಎಂಬಂತೆ ತಲೆಯಾಡಿಸಿದಳು. ಸಾಹೇಬರು ಅಷ್ಟಕ್ಕೇ ಬಿಡಲಿಲ್ಲ. ಪೆನ್ನನ್ನು ಅವಳ ಕೈಗೆ ಕೊಟ್ಟು, “ನಾನು ನಿನಗೆ ಕೊಟ್ಟ ಹಾಗೆ, ಪಾಸು ಅಂತ ಬರೆದು ಸಹಿ ಹಾಕಿ ಕೊಡು” ಎಂದರು.