ಅಂಗಿ ತೆಗೆಯದ ಏಕನಾಥ

ದೇಶದ ರಾಜಧಾನಿಯ ಮುನಿರ್ಕಾ ಬಡಾವಣೆಯ ಆ ಉಡುಪಿ ಹೋಟೆಲಿನ ಅಡುಗೆಮನೆಯಲ್ಲಿ ಜೂನ್ ತಿಂಗಳೆಂದರೆ ಯಾರೂ ಮೈಮೇಲೆ ಅಂಗಿ ಇಟ್ಟುಕೊಳ್ಳುತ್ತಿರಲಿಲ್ಲ. ಕುಂದಾಪುರ ಕಡೆಯ ಏಕನಾಥ ಭಟ್ಟ ಮಾತ್ರ ಎರಡು ಬಿಗಿ ಬನಿಯನ್ನು, ಮೇಲೊಂದು ದಪ್ಪ ಅಂಗಿ ತೊಟ್ಟು, ಕತ್ತಿನವರೆಗೆ ಗುಂಡಿ ಹಾಕಿ ದೋಸೆ ಹೊಯ್ಯುತ್ತಿದ್ದ. ಹದಿನಾಲ್ಕು ವರ್ಷದಿಂದ ಹೀಗೇ.

ಕಾರಣ ಗೊತ್ತಿದ್ದದ್ದು ಹೆಂಡತಿ ಶೈಲಜಾಳಿಗೆ ಮಾತ್ರ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನ ಎದೆ ಹೆಂಗಸರ ಎದೆಯಂತೆ ಉಬ್ಬಿತು; ಆಮೇಲೆ ಇಳಿಯಲೇ ಇಲ್ಲ. ದೇವಸ್ಥಾನದ ಕೆರೆಯಲ್ಲಿ ಈಜುವಾಗ ಹುಡುಗರು ಹಿಡಿದು ಹಿಂಡಿ ನಕ್ಕಿದ್ದರು. ಅಂದು ತೊಟ್ಟ ಅಂಗಿಯನ್ನು ಅವನು ಜನರೆದುರು ಮತ್ತೆ ತೆಗೆದಿರಲಿಲ್ಲ.

ಹೋಟೆಲಿನ ಚೌತಿಯ ನೈವೇದ್ಯವನ್ನು ಮಡಿಯಲ್ಲಿ, ಬರಿಮೈಯಲ್ಲೇ ಬೇಯಿಸಬೇಕು. ಪ್ರತಿ ಚೌತಿಗೂ ಏಕನಾಥನಿಗೆ ತಪ್ಪದೆ ಜ್ವರ ಬರುತ್ತಿತ್ತು. ಗಣಪತಿಗೂ ಅವನ ಜ್ವರಕ್ಕೂ ಏನೋ ಒಪ್ಪಂದವಾದಂತಿತ್ತು. ಅವನ ಬೆನ್ನ ಹಿಂದೆ ಪಿಸುಮಾತು ಹಬ್ಬಿತು. ಒಳಗೆ ಬಂದವರ ಕಣ್ಣು ಅವನ ಅಂಗಿಯ ಮೇಲೇ ಓಡಾಡುತ್ತಿತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅನ್ನುತ್ತಾರೆ. ಏನೂ ಕದಿಯದ ಈ ಬಡಪಾಯಿಗೂ ಅದೇ ಗತಿ. ಎಲ್ಲರಿಗೂ ತಿಳಿದುಹೋಗಿದೆ, ಎದೆ ನೋಡಿಯೇ ನಗುತ್ತಿದ್ದಾರೆ ಎಂದು ಅವನು ಕುಗ್ಗಿಹೋದ.

೨೦೦೭ರ ಬೇಸಿಗೆಯಲ್ಲಿ ಮಾಲೀಕ ಅಶ್ವತ್ಥನಾರಾಯಣ ರಾಯರು ಕರೆದು ಹೇಳಿದರು: "ಏಕನಾಥ, ಈ ಸಲ ನೈವೇದ್ಯ ನಿನ್ನದೇ. ಜ್ವರ ಗಿರ ಅಂದರೆ ಅಡುಗೆಮನೆ ನಿನ್ನ ಕೈಕೆಳಗಿನ ಚಂದ್ರಮೋಹನನಿಗೆ ಕೊಡ್ತೇನೆ. ಆಮೇಲೆ ನನ್ನನ್ನು ಬೈಬೇಡ."

ಮನೆಗೆ ಬಂದು ಅವನು ಊಟ ಬಿಟ್ಟು ಕೂತ. ಶೈಲಜಾ ಎದುರಿಗೆ ಬಂದು ಕೂತಳು. "ನಾನು ಯಾವತ್ತಾದ್ರೂ ನಿಮ್ಮನ್ನು ನೋಡಿ ನಕ್ಕಿದ್ದೇನಾ? ಇಲ್ಲ ತಾನೆ? ಆದ್ರೆ ನಿಮಗೆ ಸಂಕಟ ಆಗ್ತದಲ್ಲ, ಡಾಕ್ಟರಿಗೆ ತೋರಿಸುವ. ಚಲೋ, ನಾಳೆಯೇ ಹೋಗುವ."

ಡಾಕ್ಟರು ತಲೆಗೂದಲು ನರೆತ ಮನುಷ್ಯ. ಮುಟ್ಟಿ ನೋಡಿ, ಇದು ಬರೀ ಬೊಜ್ಜಲ್ಲ, ಒಳಗೆ ಗ್ರಂಥಿಯೂ ಬೆಳೆದಿದೆ, ಎಷ್ಟೋ ಗಂಡಸರಿಗೆ ಹೀಗಾಗುತ್ತದೆ, ಇಷ್ಟು ವರ್ಷ ಯಾಕೆ ಬರಲಿಲ್ಲ ಎಂದು ಹಿಂದಿಯಲ್ಲಿ ಕೇಳಿದರು. 'ಎಷ್ಟೋ ಗಂಡಸರಿಗೆ' ಎಂಬ ಮಾತು ಕಿವಿಗೆ ಬಿದ್ದದ್ದೇ ಏಕನಾಥ ಅತ್ತುಬಿಟ್ಟ. ಲೋಕದಲ್ಲಿ ತಾನೊಬ್ಬನೇ ಎಂದು ಅವನು ನಂಬಿದ್ದ.

ಜುಲೈಯಲ್ಲಿ ಆಪರೇಷನ್ ಆಯಿತು. ಮೊಲೆತೊಟ್ಟಿನ ಅಂಚಿನಲ್ಲಿ ಸಣ್ಣದಾಗಿ ಕೊಯ್ದು ಗ್ರಂಥಿ ತೆಗೆದರು, ಕೊಳವೆಯಿಂದ ಕೊಬ್ಬು ಹೀರಿದರು. ಆರು ವಾರ ಎದೆಯನ್ನು ಬಿಗಿಯುವ ಬನಿಯನ್ನು ತೊಡಬೇಕಿತ್ತು. ಬಿಗಿ ಬನಿಯನ್ನು ಅವನಿಗೇನು ಹೊಸದೇ!

ಚೌತಿಯ ಬೆಳಿಗ್ಗೆ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲಿ ಒಲೆಯ ಮುಂದೆ ಬಂದು ನಿಂತ. ಸೊಂಟದಿಂದ ಮೇಲೆ ನೂಲಿನ ಎಳೆಗಳನ್ನು ಬಿಟ್ಟರೆ ಬೇರೇನೂ ಇಲ್ಲ. ರಾಯರು, ಚಂದ್ರಮೋಹನ ಇಬ್ಬರೂ ಅವನ ಎದೆಯನ್ನೇ ದಿಟ್ಟಿಸಿದರು. ಏಕನಾಥನ ಕೈ ಇಲ್ಲದ ಗುಂಡಿ ಹುಡುಕುತ್ತ ಕತ್ತಿನ ಹತ್ತಿರ ಹೋಯಿತು.

"ಅಯ್ಯೋ, ಜನಿವಾರ ಇದೆಯಲ್ಲ ಮಾರಾಯಾ!" ಎಂದರು ರಾಯರು. "ಭಟ್ಟ ಅಂತ ಸುಳ್ಳು ಹೆಸರು ಹೇಳಿ ಸೇರಿದ್ದೀ, ಅದಕ್ಕೇ ಅಂಗಿ ತೆಗೆಯೂದಿಲ್ಲ ಅಂತ ಇಷ್ಟು ವರ್ಷ ನಾವೆಲ್ಲ ಮಾತಾಡಿಕೊಂಡಿದ್ದೆವು. ಬೇಜಾರು ಮಾಡ್ಕೊಬೇಡ."

ಎದೆಯ ಸುದ್ದಿ ಯಾರಿಗೂ ಗೊತ್ತಿರಲೇ ಇಲ್ಲ. ಏಕನಾಥನಿಗೆ ಮೊದಲು ನಗು ಬಂತು, ಹಿಂದೆಯೇ ಸಿಟ್ಟು ಬಂತು. "ಜನಿವಾರ ಇಲ್ಲದಿದ್ದರೆ ನನ್ನ ಸಾರು ನಿಮಗೆ ರುಚಿಸ್ತಿರಲಿಲ್ಲವಾ ರಾಯರೇ?" ಎಂದು ಕೇಳಿಯೇಬಿಟ್ಟ. ರಾಯರು ತೆಂಗಿನಕಾಯಿ ಎಣಿಸತೊಡಗಿದರು.

ಸಂಜೆ ಮನೆಯಲ್ಲಿ ಇದನ್ನೆಲ್ಲ ಕೇಳಿ ಶೈಲಜಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಸುಮ್ಮನೆ ಕೊಯ್ಸಿಕೊಂಡ ಹಾಗಾಯ್ತಾ?"

ಏಕನಾಥ ಅಂಗಿ ಕಳಚಿ ಗೂಟಕ್ಕೆ ಹಾಕಿ, ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಿದ್ದ. "ಇಲ್ಲ ಮಾರಾಯ್ತಿ," ಎಂದ, "ಎದೆಗೆ ಗಾಳಿ ತಾಗ್ತಾ ಉಂಟು."